ಗಿಟಾರಿನ ಅಭ್ಯಾಸಗ್ರಂಥಗಳೂ ವಯಸ್ಕ ವಿದ್ಯಾರ್ಥಿಯೂ

ಸಂಗೀತವನ್ನು ಬಾಲ್ಯದಲ್ಲಿಯೇ ಆರಂಭಿಸಬೇಕೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ನಲವತ್ತು ದಾಟಿದವರೊಬ್ಬರು ವಾದ್ಯವೊಂದನ್ನು ಕೈಗೆತ್ತಿಕೊಂಡರೆ ನೋಡಿದವರು ಅದನ್ನು ಕಾಲಕ್ಷೇಪವೆಂದು ಭಾವಿಸುವರೇ ಹೊರತು ವಿದ್ಯಾರ್ಜನೆಯೆಂದು ಎಣಿಸುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಗಿಟಾರಿನ ಮಟ್ಟಿಗಾದರೂ ಈ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ. ಇಂದು ಎಳೆಯರ ಪರೀಕ್ಷೆಗಳಿಗೆ ಪಠ್ಯವಾಗಿರುವ ಅಭ್ಯಾಸಕೃತಿಗಳಲ್ಲಿ ಹಲವು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿಯೆನ್ನಾ ಮತ್ತು ಪ್ಯಾರಿಸ್ ನಗರಗಳ ಹವ್ಯಾಸಿಗಳನ್ನು, ಎಂದರೆ ಗಿಟಾರನ್ನು ಜೀವನೋಪಾಯಕ್ಕಾಗಿ ಅಲ್ಲದೆ ಸ್ವಂತ ಸಂತೋಷಕ್ಕಾಗಿ ಹಿಡಿಯುತ್ತಿದ್ದ ಗೃಹಸ್ಥರನ್ನೂ ಗೃಹಿಣಿಯರನ್ನೂ, ಮನಸ್ಸಿನಲ್ಲಿಟ್ಟುಕೊಂಡು ರಚಿತವಾದುವು. ಆ ಕಾಲದ ಮೂರು ಗ್ರಂಥಗಳು ಈಗಲೂ ಬಳಕೆಯಲ್ಲಿವೆ: ಮೌರೊ ಜೂಲಿಯಾನಿಯ ಮೊದಲನೆಯ ಕೃತಿ, ಫರ್ನಾಂಡೊ ಸೋರನ ಅರುವತ್ತನೆಯ ಕೃತಿ, ಮತ್ತೇಯೊ ಕಾರ್ಕಾಸ್ಸಿಯ ಅರುವತ್ತನೆಯ ಕೃತಿ. ವಯಸ್ಸಾದ ಮೇಲೆ ಕಲಿಯುವವನಿಗೆ ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ವಯಸ್ಕನ ಕಷ್ಟವೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬೆರಳುಗಳು ಬಿರುಸಾಗಿವೆಯೆಂದು ದೂರುವುದು ವಾಡಿಕೆ; ಅದು ಅರೆಸತ್ಯ. ಸೆಗೋವಿಯಾ, ಜೂಲಿಯನ್ ಬ್ರೀಮ್ ಮೊದಲಾದ ಗಿಟಾರ್ ವಾದಕರ ಧ್ವನಿಮುದ್ರಣಗಳನ್ನು ವರ್ಷಾನುಗಟ್ಟಲೆ ಕೇಳಿದವನ ಕಿವಿ ಪಕ್ವವಾಗಿರುತ್ತದೆ, ಕೈ ಮಾತ್ರ ಶಿಶುವಿನದಾಗಿರುತ್ತದೆ. ತನ್ನ ಕೈಯಿಂದ ಹೊರಡುವ ನಾದ ತನ್ನ ಕಿವಿಗೇ ಸಹಿಸದಿರುವ ಈ ವೈಷಮ್ಯದಿಂದ ಹುಟ್ಟುವ ಅವಸರವೇ ಅವನ ಮುಖ್ಯ ಶತ್ರು. ಮಗುವಿಗೆ ಈ ಬಾಧೆಯಿಲ್ಲ. ಆದರೆ ಮಗುವಿಗಿಲ್ಲದ ಒಂದು ಶಕ್ತಿ ವಯಸ್ಕನಿಗುಂಟು: ತಪ್ಪು ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು ಎಂದು ವಿಚಾರಮಾಡಬಲ್ಲ ವಿವೇಕ. ಯಾವ ಗ್ರಂಥವು ಆ ಅವಸರವನ್ನು ತಗ್ಗಿಸಿ ಈ ವಿವೇಕಕ್ಕೆ ಕೆಲಸ ಕೊಡುವುದೋ ಅದೇ ಅವನಿಗೆ ಯೋಗ್ಯವಾದ ಗ್ರಂಥ.

ಜೂಲಿಯಾನಿಯ ಗ್ರಂಥ 1812ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ಇಟಲಿಯ ಬಿಶೆಲ್ಯೆ ಎಂಬ ಊರಿನಲ್ಲಿ 1781ರಲ್ಲಿ ಹುಟ್ಟಿದ ಈತ ಆ ವೇಳೆಗೆ ವಿಯೆನ್ನಾದ ಸಂಗೀತವಲಯದಲ್ಲಿ ಪ್ರಸಿದ್ಧನಾಗಿದ್ದನು. ಗ್ರಂಥದ ಪ್ರಥಮ ಭಾಗವಾದ 120 ಬಲಗೈ ಪಾಠಗಳಲ್ಲಿ ಎಡಗೈಗೆ ಇರುವ ಕೆಲಸ ಎರಡೇ ಸ್ವರಮೇಳಗಳು: ಸಿ ಮೇಜರ್ ಮತ್ತು ಜಿ ಸೆವೆಂತ್. ಇವೆರಡನ್ನೇ ಸರದಿಯಂತೆ ಹಿಡಿಯುತ್ತಿರುವಾಗ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳುಗಳು ಸಾಧ್ಯವಿರುವ ನಾನಾ ವಿನ್ಯಾಸಗಳಲ್ಲಿ ತಂತಿಗಳನ್ನು ಮೀಟುತ್ತ ಹೋಗುತ್ತವೆ. ಸರಳೆವರಸೆ, ಜಂಟಿವರಸೆ, ಅಲಂಕಾರಗಳೆಲ್ಲವನ್ನೂ ಮಾಯಾಮಾಳವಗೌಳವೊಂದರಲ್ಲೇ ಕಲಿಸುವ ನಮ್ಮ ಸಂಪ್ರದಾಯವನ್ನು ಬಲ್ಲವರಿಗೆ ಈ ಯುಕ್ತಿಯ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಒಂದನ್ನು ಸ್ಥಿರವಾಗಿ ನಿಲ್ಲಿಸಿದಲ್ಲದೆ ಮತ್ತೊಂದರ ಮೇಲೆ ಲಕ್ಷ್ಯ ನಿಲ್ಲುವುದಿಲ್ಲ. ಉಂಗುರಬೆರಳು ನಡುಬೆರಳಿನಂತೆ ಸ್ವತಂತ್ರವಾಗಿ ಚಲಿಸದೆ ಇರುವುದಕ್ಕೆ ಕೈಯ ಹಿಂಬದಿಯಲ್ಲಿ ಅವುಗಳ ಸ್ನಾಯುರಜ್ಜುಗಳು ಪರಸ್ಪರ ಬೆಸೆದುಕೊಂಡಿರುವುದು ಕಾರಣ, ಸೋಮಾರಿತನ ಕಾರಣವಲ್ಲ. ಅದನ್ನು ಗದರಿಸಿ ಪ್ರಯೋಜನವಿಲ್ಲ. ಪ್ರತ್ಯೇಕವಾಗಿ, ಮೆಲ್ಲಗೆ, ಅಲ್ಪಬಲದಿಂದ ಪಳಗಿಸಬೇಕು. ಇದಕ್ಕೆ ಜೂಲಿಯಾನಿಯ ಪಾಠಗಳಿಗೆ ಸಮಾನವಾದ ಸಾಧನ ಅಪರೂಪ.

ಗುಣವಿರುವಲ್ಲಿಯೇ ದೋಷವೂ ಇದೆ. ಎರಡೇ ಸ್ವರಮೇಳಗಳ ನಡುವೆ ನಡೆಯುವ ಈ ಪಾಠಗಳಲ್ಲಿ ಸಂಗೀತವೆನ್ನಬಹುದಾದದ್ದು ಅತ್ಯಲ್ಪ. ಸಂಖ್ಯೆ ಮಾತ್ರ ಹೇರಳ. ಲೆಕ್ಕಪತ್ರಗಳಲ್ಲಿ ಪಳಗಿದ ವಯಸ್ಕ ಮನಸ್ಸು ಇಲ್ಲಿಯೂ ಲೆಕ್ಕವನ್ನೇ ಹಿಡಿಯುತ್ತದೆ; ಇಂದಿಗೆ ಮೂವತ್ತಾಯಿತು, ನಾಳೆಗೆ ನಲವತ್ತಾಗಬೇಕು, ಮೆಟ್ರೊನೋಮಿನ ಅಂಕಿ ಅರುವತ್ತರಿಂದ ಎಂಬತ್ತಕ್ಕೇರಬೇಕು ಎಂದು. ಮೆಲ್ಸೆಲ್ ತನ್ನ ಮೆಟ್ರೊನೋಮಿಗೆ ಪೇಟೆಂಟ್ ಪಡೆದದ್ದು 1815ರಲ್ಲಿ, ಎಂದರೆ ಈ ಗ್ರಂಥ ಹೊರಬಂದ ಮೂರು ವರ್ಷಗಳ ಮೇಲೆ. ಅಂಕಿಯ ಬೆನ್ನಟ್ಟುವ ಚಪಲವನ್ನು ಜೂಲಿಯಾನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಗ್ರಂಥದ ರಚನೆ ಆ ಚಪಲಕ್ಕೆ ಎಡೆಗೊಡುತ್ತದೆಂಬುದನ್ನು ಅಲ್ಲಗಳೆಯಲಾಗದು. ನೂರಿಪ್ಪತ್ತನ್ನೂ ಮುಗಿಸುವ ಹಟ ಬೇಡ. ತನ್ನ ಕೈಗೆ ಬೇಕಾದ ನಾಲ್ಕೈದನ್ನು ಆಯ್ದುಕೊಳ್ಳುವುದು ಜಾಣತನ.

ಸೋರನ ದೃಷ್ಟಿ ಬೇರೆ. 1778ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ 1839ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಈ ಸಂಗೀತಗಾರನಿಗೆ ಯಾವುದನ್ನೂ ಕಾರಣ ಹೇಳದೆ ವಿಧಿಸುವ ಅಭ್ಯಾಸವಿರಲಿಲ್ಲ. 1830ರಲ್ಲಿ ಆತ ಪ್ರಕಟಿಸಿದ ಗಿಟಾರ್ ಬೋಧಿನಿಯಲ್ಲಿ ಪ್ರತಿಯೊಂದು ಅಂಗವಿನ್ಯಾಸಕ್ಕೂ ಹೇತು ಕೊಡಲು ಯತ್ನಿಸಿದ್ದಾನೆ. ಆತ ಉಗುರಿಲ್ಲದೆ ಬೆರಳತುದಿಯಿಂದ ಮೀಟುತ್ತಿದ್ದನು. ಪ್ಯಾರಿಸ್ಸಿನಲ್ಲಿಯೇ ಇದ್ದ ಅವನ ಗೆಳೆಯ ಡಿಯೊನಿಸಿಯೊ ಅಗ್ವಾದೊ ಉಗುರಿನಿಂದ ಮೀಟುತ್ತಿದ್ದನು. ಈ ಭೇದವನ್ನು ಇಟ್ಟುಕೊಂಡೇ ಇಬ್ಬರೂ ಜೊತೆಯಲ್ಲಿ ನುಡಿಸಿದರು. ಯಾವುದೋ ಒಂದು ಪದ್ಧತಿಯೇ ವೇದವಾಕ್ಯವೆಂದು ನಂಬಿ ಗುರುವಿನಿಂದ ಗುರುವಿಗೆ ಅಲೆಯುವವರು ಈ ಮೈತ್ರಿಯಿಂದ ಕಲಿಯತಕ್ಕದ್ದುಂಟು. ಸೋರನ ಅರುವತ್ತನೆಯ ಕೃತಿಯ ಇಪ್ಪತ್ತೈದು ಪಾಠಗಳು ಒಂಟಿ ಸ್ವರಪಂಕ್ತಿಯಿಂದ ಮೊದಲಾಗಿ ಕ್ರಮೇಣ ಎರಡು ಧ್ವನಿಗಳಿಗೆ ಬೆಳೆಯುತ್ತವೆ. ವರಸೆಗಳ ಮೇಲೆ ನಾವು ಹೇಳಿಸುವ ಗೀತೆಗಳ ಸ್ಥಾನ ಇವುಗಳದು: ಸುಲಭ, ನಿರ್ದುಷ್ಟ, ಕಿವಿಗೆ ಹಿತ. ಆರಂಭಿಕನಿಗೆ ಇವು ಸಾಕು. ಕೆಲವು ಕಾಲ ನುಡಿಸಿ ಮುಂದೆ ಸಾಗಲಾರದೆ ನಿಂತವನಿಗೆ ಸಾಲವು.

ಹಾಗೆ ನಡುದಾರಿಯಲ್ಲಿ ನಿಂತವನಿಗೆ ಕಾರ್ಕಾಸ್ಸಿಯೇ ಗತಿ. ಫ್ಲಾರೆನ್ಸಿನಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿ 1853ರಲ್ಲಿ ಅಲ್ಲಿಯೇ ಕಾಲವಾದ ಈತ ಸೋರನಷ್ಟು ಗಂಭೀರನಲ್ಲ, ಜೂಲಿಯಾನಿಯಷ್ಟು ಚತುರನೂ ಅಲ್ಲ. ಬೋಧಕನಾಗಿ ಮಾತ್ರ ಇಬ್ಬರನ್ನೂ ಮೀರಿಸಿದವನು. ಅವನ ಅರುವತ್ತನೆಯ ಕೃತಿಯಲ್ಲಿಯೂ ಇಪ್ಪತ್ತೈದೇ ಪಾಠಗಳಿವೆ, ಒಂದೊಂದಕ್ಕೂ ಒಂದೊಂದು ಸಮಸ್ಯೆ. ರಾಗದ ಸಂಚಾರಗಳನ್ನೂ ಗಾತ್ರಸಾಧನೆಯನ್ನೂ ಒಂದೇ ರಚನೆಯಲ್ಲಿ ಹೆಣೆದಿರುವ ವರ್ಣದಂತೆ, ಇಲ್ಲಿ ಬೆರಳಿನ ಸಾಧನೆಯೂ ಗಾನದ ರೂಪವೂ ಬೇರ್ಪಡದೆ ನಿಂತಿವೆ. ಮೊದಲನೆಯ ಪಾಠ ಸಿ ಮೇಜರಿನ ಸ್ವರಾವಳಿಗಳದು. ತೋರುಬೆರಳು ನಡುಬೆರಳುಗಳು ತಪ್ಪದೆ ಸರದಿಯಾಗಿ ಮೀಟಬೇಕು. ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಒಂದೇ ಬೆರಳು ಎರಡು ಬಾರಿ ಬೀಳುವುದು ಕಲಿಯುವವರೆಲ್ಲರ ಗುಪ್ತದೋಷ, ಆ ದೋಷವನ್ನು ಈ ಪಾಠ ಒಂದೆರಡು ಪಂಕ್ತಿಗಳಲ್ಲಿಯೇ ಬಯಲಿಗೆಳೆಯುತ್ತದೆ.

ಮೂರನೆಯ ಪಾಠವನ್ನು ಇನ್ನೂ ಹತ್ತಿರದಿಂದ ನೋಡಬಹುದು. ಎ ಮೇಜರಿನ ಈ ಮಂದಗತಿಯ ರಚನೆಯಲ್ಲಿ ಮೇಲೆ ಹಾಡಿನಂತೆ ದೀರ್ಘವಾಗಿ ನಿಲ್ಲುವ ರಾಗಪಂಕ್ತಿ, ಕೆಳಗೆ ಮಂದ್ರಸ್ವರ, ನಡುವೆ ತಿಶ್ರಗತಿಯಲ್ಲಿ ಹರಿಯುವ ತುಂಬುಸ್ವರಗಳು. ರಾಗಪಂಕ್ತಿ ಸಾಮಾನ್ಯವಾಗಿ ಬೀಳುವುದು ದುರ್ಬಲವಾದ ಉಂಗುರಬೆರಳಿನ ಪಾಲಿಗೆ. ನಡುವಿನ ಗೌಣಸ್ವರಗಳು ಬಲವಾದ ಬೆರಳುಗಳ ಪಾಲಿಗೆ. ಆದಕಾರಣ ಪಾಠವನ್ನು ಬರೆದಂತೆ ನುಡಿಸಿಬಿಟ್ಟರೆ ಹಾಡು ಮುಳುಗಿ ಗದ್ದಲ ತೇಲುತ್ತದೆ. ವಿವೇಕಿಯಾದವನು ಮೊದಲು ರಾಗಪಂಕ್ತಿಯನ್ನೊಂದನ್ನೇ, ಮುಂದೆ ಮೀಟಬೇಕಾದ ಉಂಗುರಬೆರಳಿನಿಂದಲೇ, ಮೀಟುತ್ತಾನೆ. ಬಳಿಕ ಮಂದ್ರವನ್ನು ಸೇರಿಸುತ್ತಾನೆ. ಕೊನೆಗೆ ನಡುಸ್ವರಗಳನ್ನು ಕೇಳಿಯೂ ಕೇಳದಷ್ಟು ಮೃದುವಾಗಿ ತುಂಬುತ್ತಾನೆ. ಇಷ್ಟನ್ನು ಸಾಧಿಸಿದವನು ಜೂಲಿಯಾನಿಯ ನೂರಿಪ್ಪತ್ತು ಪಾಠಗಳು ಕಲಿಸದ ಒಂದನ್ನು ಕಲಿತಿರುತ್ತಾನೆ: ಬೆರಳುಗಳ ಬಲವನ್ನು ಕಿವಿಯ ಅಪ್ಪಣೆಗೆ ಅಧೀನಮಾಡುವುದು. ವಯಸ್ಕನ ಪಕ್ವವಾದ ಕಿವಿ ಇಲ್ಲಿ ಅಡ್ಡಿಯಾಗಿ ಉಳಿಯದೆ ಮಾರ್ಗದರ್ಶಿಯಾಗುತ್ತದೆ.

ಕಾರ್ಕಾಸ್ಸಿಯಲ್ಲಿ ನ್ಯೂನತೆಗಳಿಲ್ಲವೆಂದಲ್ಲ. ಆತನ ಸ್ವರಸಂಯೋಜನೆ ಆ ಕಾಲದ ಇಟಲಿಯ ಗೀತನಾಟಕದ ಮಾಧುರ್ಯವನ್ನು ದಾಟಿ ಹೋಗುವುದಿಲ್ಲ. ಅದೊಂದನ್ನೇ ನುಡಿಸುತ್ತ ಕುಳಿತವನಿಗೆ ವಿಲ್ಲಾ-ಲೋಬೊಸ್ಸನ ಹನ್ನೆರಡು ಅಭ್ಯಾಸಕೃತಿಗಳ, ಕ್ಯೂಬಾದ ಲಿಯೊ ಬ್ರೌವರನ ಸರಳ ಪಾಠಗಳ ಆಧುನಿಕ ಭಾಷೆ ಅಪರಿಚಿತವಾಗಿಯೇ ಉಳಿಯುತ್ತದೆ. ಇನ್ನೊಂದು ತೊಡಕು ವಾದ್ಯಕ್ಕೆ ಸಂಬಂಧಿಸಿದ್ದು. ಕಾರ್ಕಾಸ್ಸಿ ಬರೆದದ್ದು ಕರುಳಿನ ತಂತಿಯ, ಹಗುರವಾದ, ಈಗಿನದಕ್ಕಿಂತ ಕಿರಿದಾದ ಗಿಟಾರಿಗೆ. ನಮ್ಮ ಕೈಯಲ್ಲಿರುವುದು ಆಂಟೋನಿಯೊ ಡಿ ಟೋರೆಸ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದ ಮಾದರಿ, ನೈಲಾನ್ ತಂತಿಯದು, ತಂತಿಯ ಉದ್ದ 65 ಸೆಂಟಿಮೀಟರ್. ಈ ಅಳತೆಯಲ್ಲಿ ಮೊದಲನೆಯ ಮೆಟ್ಟಿಲಿನ (ಫ್ರೆಟ್ಟಿನ) ಅಗಲ ಸುಮಾರು 36 ಮಿಲಿಮೀಟರ್, ಐದನೆಯದರದು ಸುಮಾರು 29. ಕಾರ್ಕಾಸ್ಸಿಯ ಮೊದಲಿನ ಪಾಠಗಳು ಬಹುಮಟ್ಟಿಗೆ ಸುಳಿದಾಡುವುದು ವಿಸ್ತಾರ ಅಧಿಕವಾಗಿರುವ ಆ ಕೆಳಗಿನ ಮೆಟ್ಟಿಲುಗಳಲ್ಲಿಯೇ. ಹಿಗ್ಗಲೊಲ್ಲದ ಕೈಗೆ ಇದು ಶ್ರಮ, ಶ್ರಮದಿಂದ ಬಿಗಿತ, ಬಿಗಿತದಿಂದ ನೋವು. ಎಡಗೈಯನ್ನು ಹಿಗ್ಗಿಸುವ ಸಾಧನೆಯನ್ನು ಐದನೆಯ ಮೆಟ್ಟಿಲಿನಲ್ಲಿ ಆರಂಭಿಸಿ ಕ್ರಮವಾಗಿ ಕೆಳಕ್ಕೆ ಇಳಿಸುವುದೂ, ಬೆರಳನ್ನು ಲೋಹಪಟ್ಟಿಗೆ ಅಂಟಿದಂತೆ ಹಿಂದೆಯೇ ಇಟ್ಟು ಸ್ವರ ಹೊರಡುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಒತ್ತುವುದೂ ಈ ಕೊರತೆಗೆ ಪರಿಹಾರ.

ಗ್ರಂಥ ಎಷ್ಟು ಉತ್ತಮವಾದರೂ ಅಭ್ಯಾಸದ ರೀತಿ ಕೆಟ್ಟರೆ ಫಲವಿಲ್ಲ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ನಿಜ. ಆದರೆ ತಪ್ಪಾಗಿ ಹಾಡಿದ್ದೂ ಹಾಡುತ್ತ ಹಾಡುತ್ತಲೇ ನೆಲೆಯೂರುತ್ತದೆ. ಪ್ರತಿದಿನವೂ ಕೃತಿಯನ್ನು ಮೊದಲಿನಿಂದ ಆರಂಭಿಸಿ, ತಪ್ಪಿದಲ್ಲಿ ನಿಂತು, ಮತ್ತೆ ಮೊದಲಿಗೇ ಹಿಂದಿರುಗುವವನಿಗೆ ಮೊದಲ ಎಂಟು ಆವರ್ತಗಳು ನೂರು ಬಾರಿ ಅಭ್ಯಾಸವಾಗಿರುತ್ತವೆ, ಕೊನೆಯ ಎಂಟು ಹತ್ತು ಬಾರಿ ಕೂಡ ಆಗಿರುವುದಿಲ್ಲ. ಅಷ್ಟೇ ಅಲ್ಲ, ಗೊತ್ತಾದ ಸ್ಥಳದಲ್ಲಿ ತಪ್ಪುವುದೂ ಒಂದು ಪಾಠವಾಗಿ ಕೈಗೆ ಹತ್ತಿರುತ್ತದೆ. ಕಷ್ಟವಾದ ಎರಡು ಆವರ್ತಗಳನ್ನು ಬೇರೆ ತೆಗೆದು, ತಪ್ಪುವುದಕ್ಕೆ ಅವಕಾಶವೇ ಇಲ್ಲದಷ್ಟು ವಿಳಂಬದಲ್ಲಿ ಸರಿಯಾಗಿ ನುಡಿಸಿ, ಬಳಿಕ ಹಿಂದಿನ ಮುಂದಿನ ಆವರ್ತಗಳಿಗೆ ಜೋಡಿಸುವುದು ಅಭ್ಯಾಸ, ಉಳಿದದ್ದು ವಿನೋದ. ವಿನೋದ ನಿಷಿದ್ಧವಲ್ಲ, ಆದರೆ ಅದನ್ನು ಅಭ್ಯಾಸದ ಲೆಕ್ಕದಲ್ಲಿ ಬರೆಯಕೂಡದು.

1953ರಲ್ಲಿ ಸ್ವರಶ್ರೇಣಿಗಳ ಪುಸ್ತಕವೊಂದನ್ನು ಪ್ರಕಟಿಸಿದಾಗ ಸೆಗೋವಿಯಾ ಅವುಗಳನ್ನು ದಿನಕ್ಕೆ ಎರಡು ಗಂಟೆ ಸಾಧಿಸಬೇಕೆಂದು ಉಪದೇಶಿಸಿದನು. ವಾದನವೇ ವೃತ್ತಿಯಾದವರಿಗೆ ಅದು ಹಿತವಚನ. ಮನೆ, ಕಚೇರಿ, ಮಕ್ಕಳ ಶಾಲೆಗಳ ನಡುವೆ ಬಿಡುವನ್ನು ಹೆಕ್ಕಿಕೊಳ್ಳಬೇಕಾದವರಿಗೆ ಅದು ವಿದ್ಯೆಯನ್ನೇ ಬಿಡಿಸಿಬಿಡುವ ಮಾತು. ಭಾನುವಾರ ಮೂರು ಗಂಟೆ ಕುಳಿತು ಆರು ದಿನ ಬಿಡುವವನಿಗಿಂತ ದಿನಕ್ಕೆ ಅರ್ಧ ಗಂಟೆ ತಪ್ಪದೆ ಕುಳಿತವನು ದೂರ ಹೋಗುತ್ತಾನೆ. ಆ ಅರ್ಧ ಗಂಟೆಯಲ್ಲಿ ಮೊದಲ ಐದು ನಿಮಿಷ ಜೂಲಿಯಾನಿಯ ಒಂದೇ ಒಂದು ವಿನ್ಯಾಸಕ್ಕೆ, ನಡುವಿನ ಹದಿನೈದು ಕಾರ್ಕಾಸ್ಸಿಯ ಒಂದೇ ಪಾಠದ ಒಂದೇ ಕಷ್ಟಸ್ಥಳಕ್ಕೆ, ಉಳಿದದ್ದು ಈಗಾಗಲೇ ಕೈವಶವಾದ ಯಾವುದಾದರೂ ಕೃತಿಯನ್ನು ನಿಲ್ಲದೆ ನುಡಿಸಿ ಸಂತೋಷಪಡುವುದಕ್ಕೆ ಮೀಸಲಾಗಲಿ. ಮೂರು ಗ್ರಂಥಗಳಲ್ಲಿ ಒಂದನ್ನೇ ಕೊಳ್ಳಬಲ್ಲವರು ಕಾರ್ಕಾಸ್ಸಿಯನ್ನು ಕೊಳ್ಳಲಿ. ಇಪ್ಪತ್ತೈದನ್ನೂ ಮುಗಿಸಲಾಗದಿದ್ದರೆ ಹತ್ತನ್ನು ಚೆನ್ನಾಗಿ ನುಡಿಸಲಿ.