ಗೋವಾದ ಚರ್ಚೆಯಲ್ಲಿ ಕೇಳಿಸದ ಸಿದ್ದಿಗಳ ದನಿ

2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪವಿತ್ರ ಅವಶೇಷಗಳ ದರ್ಶನ ನಡೆಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಿಂದ ಘಟ್ಟವಿಳಿದು ಕರಾವಳಿಯ ಹೆದ್ದಾರಿಯಲ್ಲಿ ಗೋವಾಕ್ಕೆ ಹೋಗುವವರು ಅಂಕೋಲಾ ದಾಟುವಾಗ ಬಲಗಡೆ ಘಟ್ಟದ ಕಾಡು ಕಾಣುತ್ತದೆ. ಅದರಾಚೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿಗಳು ವಾಸವಾಗಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮಂತೆಯೇ ಬಲಿಪೂಜೆಗೆ ಬರುವ ಕಥೋಲಿಕರೂ ಇದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಇವರಲ್ಲಿ ಅನೇಕರು.

ಗೋವಾದ ಕುರಿತಾದ ಬರಹಗಳಲ್ಲಿ ನನ್ನನ್ನು ಕಾಡುವ ಕೊರತೆ ಇವರದೇ. ಪ್ರವಾಸ ಲೇಖಕರು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಚರ್ಚುಗಳ ಭವ್ಯತೆಯನ್ನು ವರ್ಣಿಸುತ್ತಾರೆ. ವಸಾಹತುಶಾಹಿಯ ವಿಮರ್ಶಕರು ಬಲವಂತದ ಮತಾಂತರವನ್ನು ಮುಂದಿಡುತ್ತಾರೆ. ನಾವು ಸಂತರ ಸೇವೆಯನ್ನು ನೆನಪಿಸಿ ಉತ್ತರಿಸುತ್ತೇವೆ. ಈ ಮೂವರ ವಾಗ್ವಾದದಲ್ಲಿ ಆ ನಗರದ ಪಲ್ಲಕ್ಕಿ ಹೊತ್ತ ಆಫ್ರಿಕಾದ ಗುಲಾಮನ ಪ್ರಸ್ತಾಪವೇ ಬರುವುದಿಲ್ಲ. ಧರ್ಮಸಭೆಯ ಪಾಲನ್ನೂ ಮುಚ್ಚಿಡಬೇಕಾಗಿಲ್ಲ. ಕ್ರೈಸ್ತೇತರರನ್ನು ನಿರಂತರ ದಾಸ್ಯಕ್ಕೆ ಒಳಪಡಿಸಲು 1452ರಲ್ಲಿ ಪೋರ್ಚುಗಲ್ ದೊರೆಗೆ ಅನುಮತಿಯಿತ್ತವರು ಜಗದ್ಗುರು ಐದನೆಯ ನಿಕೋಲಸ್. ಜಗದ್ಗುರು ಹದಿನಾರನೆಯ ಗ್ರೆಗರಿ 1839ರಲ್ಲಿ ಗುಲಾಮ ವ್ಯಾಪಾರವನ್ನು ಖಂಡಿಸಿದರು. ಪರರ ನೆಲವನ್ನು ಕಂಡವರೇ ಅದರ ಒಡೆಯರೆಂಬ ಸಿದ್ಧಾಂತವನ್ನು ವ್ಯಾಟಿಕನ್ ಬಹಿರಂಗವಾಗಿ ನಿರಾಕರಿಸಿದ್ದಾದರೋ 2023ರ ಮಾರ್ಚ್‌ನಲ್ಲಿ.

ಸಿದ್ದಿಗಳ ಕುರಿತೇ ಬರುವ ಲೇಖನಗಳೂ ಸಮಾಧಾನ ತರುವುದಿಲ್ಲ. ಗುಂಗುರು ಕೂದಲು, ಡಮಾಮಿಯ ಸದ್ದು, ಓಟದ ಬಲ, ಇಷ್ಟಕ್ಕೇ ಹೆಚ್ಚಿನವು ಮುಗಿಯುತ್ತವೆ. ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದದ್ದೂ, 1993ರಲ್ಲಿ ಆ ಯೋಜನೆಯನ್ನು ಕೈಬಿಟ್ಟದ್ದೂ ಇದೇ ನೋಟದಿಂದ ದೂರವಿಲ್ಲ. ದೇಹವನ್ನು ಕಂಡರು, ಬದುಕನ್ನು ಕೇಳಲಿಲ್ಲ. ಕನ್ನಡ, ಕೊಂಕಣಿಗಳನ್ನಾಡುವ ಈ ಜನರನ್ನು ಕಾಡಿನೊಳಗಿನ ಆಫ್ರಿಕಾ ಎಂದು ಪ್ರವಾಸಿಗರಿಗೆ ತೋರಿಸುವುದು ಗೌರವವೆ? ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯಾದ ಅಧಿಕಾರಿಯ ಬಣ್ಣವನ್ನು ಗಮನಿಸುವುದಿಲ್ಲ. ರಥವೇರಿ ಪಕ್ಕದಲ್ಲಿ ಕುಳಿತು, ಅವನ ಪ್ರಶ್ನೆಯಿಂದಲೇ ಮಾತಿಗಾರಂಭಿಸುತ್ತಾನೆ. ಸಿದ್ದಿಗಳಿಗೂ ಹೇಳುವುದಿದೆ: ಸಾಗುವಳಿ ಮಾಡಿದ ಅರಣ್ಯಭೂಮಿಯ ಹಕ್ಕು, ಮಕ್ಕಳ ಶಾಲೆ, ಕೂಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2003ರಲ್ಲಿ. ಅವರಲ್ಲಿ ಮೊದಲಿಗರಾಗಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ದೂರದ ಜಿಲ್ಲೆಯ ಸಂಗತಿಯೆಂದು ಇದನ್ನು ಬದಿಗಿಡಲು ನಮಗೆ ಆಗದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚರ್ಚೆಯಲ್ಲಿ ವನ್ಯಮೃಗಗಳ ಪರ, ಚಾರಣಿಗರ ಪರ ಮಾತನಾಡುವವರಿಗೆ ಕೊರತೆಯಿಲ್ಲ. ಶೃಂಗೇರಿ ಸೀಮೆಯ ಕಾಡಂಚಿನ ಕುಟುಂಬಗಳ ಮಾತಿಗೆ ಸರದಿ ಬರುವುದು ಕೊನೆಗೆ. ಇನ್ನು ಮೈಬಣ್ಣದ ವಿಷಯ. ಮದುವೆಯ ಸಂಬಂಧ ಕೂಡಿಸುವಾಗ ನಮ್ಮ ಕ್ರೈಸ್ತ ಮನೆಗಳಲ್ಲೂ, ಹುಡುಗಿ ಓದಿದ್ದಾಳೆ, ಗುಣವಂತೆ ಎಂದೆಲ್ಲ ಗಟ್ಟಿಯಾಗಿ ಹೇಳಿದ ಮೇಲೆ, "ಬಣ್ಣ ಸ್ವಲ್ಪ ಕಡಿಮೆ" ಎನ್ನುವಾಗ ದನಿ ತಗ್ಗುತ್ತದೆ.