ಕಿಶೋರರ ಮನಃಕ್ಲೇಶವೂ ಅಂಶವಿಶ್ಲೇಷಣೆಯೂ

ಆಸ್ಟ್ರೇಲಿಯದ ಫ್ರೈಡೆನ್‌ಬರ್ಗ್ ಮತ್ತು ಲೂಯಿಸ್ ಎಂಬ ವಿದ್ವಾಂಸರು 1993ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು, ಹದಿಹರೆಯದವರು ಮನಃಕ್ಲೇಶವನ್ನು ನಿರ್ವಹಿಸುವ 18 ಉಪಾಯಗಳನ್ನು ಮೂರು ಶೈಲಿಗಳಲ್ಲಿ ಅಡಕಗೊಳಿಸಿರುವುದು: ಸಮಸ್ಯೆಯನ್ನು ಬಗೆಹರಿಸುವುದು, ಇತರರನ್ನು ಆಶ್ರಯಿಸುವುದು, ನಿಷ್ಫಲ ನಿರ್ವಹಣೆ. ಅಮೆರಿಕದ ಪ್ಯಾಟರ್ಸನ್ ಮತ್ತು ಮೆಕ್‌ಕಬಿನ್ ಎಂಬವರು 1987ರಲ್ಲಿ ಇದೇ ವಯಸ್ಸಿನವರಿಗಾಗಿ 54 ವಾಕ್ಯಗಳ ಪಟ್ಟಿಯನ್ನು ರಚಿಸಿ 12 ಅಂಶಗಳನ್ನು ಕಂಡಿದ್ದರು. ಸಾಧನವೊಂದೇ ಆಗಿರಲು ಫಲದಲ್ಲಿ ಇಷ್ಟು ಭೇದವೇಕೆ?

ಸ್ಪಿಯರ್‌ಮನ್ 1904ರಲ್ಲಿ ಬುದ್ಧಿಶಕ್ತಿಯ ವಿಷಯದಲ್ಲಿ ಈ ವಿಚಾರಕ್ರಮಕ್ಕೆ ತಳಹದಿ ಹಾಕಿದನು. ಒಂದು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವನು ಮತ್ತೊಂದರಲ್ಲಿಯೂ ಪಡೆಯುವುದು ಸಾಮಾನ್ಯವಾದರೆ, ಎರಡರ ಹಿಂದೆಯೂ ಒಂದೇ ಕಾರಣವಿದೆಯೆಂದು ಊಹಿಸುವುದು ಯುಕ್ತವೇ. ಆದರೆ ಕ್ಲೇಶನಿರ್ವಹಣೆಗೆ ಈ ನ್ಯಾಯವು ಸಲ್ಲುವುದೇ? ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗಿಯೊಬ್ಬಳು ಅಕ್ಕನೊಡನೆ ಹೇಳಿಕೊಂಡು ಸಮಾಧಾನ ಹೊಂದಿದಳೆನ್ನೋಣ. ಆಮೇಲೆ ಅವಳು ತಾಯಿಯ ಬಳಿಗಾಗಲಿ ಗೆಳತಿಯ ಬಳಿಗಾಗಲಿ ಹೋಗಬೇಕಾಗಿಲ್ಲ. ಮೂರೂ ಒಂದೇ ಜಾತಿಯ ಉಪಾಯಗಳಾದರೂ, ಮೊದಲನೆಯದು ಫಲಿಸಿದುದರಿಂದಲೇ ಉಳಿದವು ಬೇಡವಾದವು. ಅವುಗಳ ನಡುವೆ ಸಹಸಂಬಂಧವು ಕಾಣದು. ಎಲ್ಲಿಯೂ ನೆಮ್ಮದಿ ದೊರೆಯದವಳಾದರೋ ಎಲ್ಲವನ್ನೂ ಪ್ರಯತ್ನಿಸಿ ಎಲ್ಲ ವಾಕ್ಯಗಳಿಗೂ ಹೌದೆನ್ನುವಳು. ಆಗ ಗಣಿತವು ಅಳೆದುದು ಉಪಾಯವನ್ನೋ, ದುಃಖದ ಪ್ರಮಾಣವನ್ನೋ? ಬಿಲಿಂಗ್ಸ್ ಮತ್ತು ಮೂಸ್ 1981ರಷ್ಟು ಹಿಂದೆಯೇ ಈ ತೊಡಕನ್ನು ಸೂಚಿಸಿದ್ದರೂ, ಅನಂತರದ ಅನೇಕರು ಅದನ್ನು ಲಕ್ಷಿಸದಿರುವುದು ಸೋಜಿಗ.

ಅಂಶಗಳ ಸಂಖ್ಯೆಯನ್ನು ನಿಶ್ಚಯಿಸುವ ಕೈಸರನ ಸೂತ್ರವು ಬೇಕಾದುದಕ್ಕಿಂತ ಹೆಚ್ಚು ಅಂಶಗಳನ್ನು ಕೊಡುವುದೆಂಬುದು ತಿಳಿದ ಮಾತು, ಅದನ್ನಿಲ್ಲಿ ಬೆಳೆಸುವುದಿಲ್ಲ. ಹೆಸರಿಡುವ ಬಗೆಯು ಅದಕ್ಕಿಂತ ಗುರುತರವಾದುದು. ಗಣಿತವು ಗುಂಪನ್ನು ಕೊಡುವುದೇ ಹೊರತು ಹೆಸರನ್ನಲ್ಲ. ‘ನಿಷ್ಫಲ’ವೆಂಬುದು ಸಂಶೋಧಕರ ತೀರ್ಪು. ಕುಡುಕ ತಂದೆಯ ಮನೆಯಲ್ಲಿ ಬಾಯಿಮುಚ್ಚಿಕೊಂಡಿರುವ ಬಾಲಕನ ಮೌನವು ಅವನ ಕವಚವಾಗಿರಬಹುದು. ಪರಿಸ್ಥಿತಿಯನ್ನು ಬದಲಿಸಲಾಗುವುದೇ ಇಲ್ಲವೇ ಎಂಬುದರ ಮೇಲೆ ಉಪಾಯದ ಯೋಗ್ಯತೆಯು ನಿಂತಿರುವುದೆಂದು ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲಿ ಪ್ರತಿಪಾದಿಸಿಲ್ಲವೇ? ಶಾಲೆಯ ಕಡತದಲ್ಲಿ ಆ ಹೆಸರು ಒಮ್ಮೆ ಸೇರಿತೆಂದರೆ, ತಿದ್ದಬೇಕಾದ ಮನೆಯನ್ನು ಬಿಟ್ಟು ಹುಡುಗನನ್ನೇ ತಿದ್ದಲು ಹೊರಡುವರು.

ಸ್ಕಿನ್ನರ್ ಮೊದಲಾದವರು 2003ರಲ್ಲಿ ನೂರು ಮಾಪನಗಳನ್ನು ಪರಿಶೀಲಿಸಿ, ಅವುಗಳಿಂದ 400 ಉಪಾಯಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಅನ್ವೇಷಕ ವಿಶ್ಲೇಷಣೆಗೆ ಬದಲಾಗಿ ದೃಢೀಕರಣ ವಿಶ್ಲೇಷಣೆಯನ್ನು ಬಳಸಬೇಕೆಂದರು. ಈ ಸಲಹೆಯನ್ನು ನಾವು ಅರ್ಧ ಮಾತ್ರ ಒಪ್ಪುವೆವು. ಊಹೆಯನ್ನು ಮೊದಲೇ ಹೇಳಿ ಪರೀಕ್ಷಿಸುವುದು ಪ್ರಾಮಾಣಿಕ ಮಾರ್ಗವೇನೋ ಸರಿ. ಆದರೆ ಅದಕ್ಕೂ ಆಧಾರವು ಅದೇ ಸಹಸಂಬಂಧವಾದುದರಿಂದ, ಅಕ್ಕನೊಡನೆ ಹೇಳಿಕೊಂಡ ಹುಡುಗಿಯ ಆಕ್ಷೇಪವು ಹಾಗೆಯೇ ಉಳಿಯುವುದು. ಒಬ್ಬನೇ ವ್ಯಕ್ತಿಯನ್ನು ಅನೇಕ ದಿನ ಅಳೆದು ವಿಶ್ಲೇಷಿಸುವ ಕ್ರಮವನ್ನು ಕ್ಯಾಟೆಲ್ಲನು 1947ರಲ್ಲಿಯೇ ತೋರಿಸಿದ್ದನು. ಯಾವ ಉಪಾಯವು ಯಾವುದರ ಬೆನ್ನಿಗೆ ಬಂದಿತು, ಯಾವುದು ಸೋತ ಮೇಲೆ ಬಂದಿತು ಎಂಬುದು ಅಂತಹ ದಿನಚರಿಯಿಂದ ತಿಳಿಯಬಹುದೇ ಹೊರತು, ಒಂದು ಮಧ್ಯಾಹ್ನ ತರಗತಿಯಲ್ಲಿ ತುಂಬಿಸಿಕೊಂಡ ಕಾಗದದಿಂದಲ್ಲ.