ಸುಡಬೇಕೆಂದ ಪತ್ರಗಳು

ತಮ್ಮ ಪತ್ರಗಳನ್ನು ಸುಟ್ಟುಬಿಡಿ ಎಂದು ಮದರ್ ತೆರೇಸಾ ಕಲ್ಕತ್ತಾದ ಆರ್ಚ್‌ಬಿಷಪ್ ಪೆರಿಯೆ ಅವರನ್ನು ಬೇಡಿಕೊಂಡಿದ್ದರು. ಓದಿದವರು ಯೇಸುವನ್ನು ಬಿಟ್ಟು ತನ್ನ ಬಗ್ಗೆಯೇ ಯೋಚಿಸಿಯಾರೆಂಬ ಅಂಜಿಕೆ ಅವರದು. ಪತ್ರಗಳು ಉಳಿದವು. ಅವರು ತೀರಿಕೊಂಡ ಹತ್ತು ವರ್ಷಗಳ ಬಳಿಕ, 2007ರಲ್ಲಿ, ‘ಕಮ್ ಬಿ ಮೈ ಲೈಟ್’ ಎಂಬ ಪುಸ್ತಕವೂ ಆದವು.

ದೇವರು ತನ್ನನ್ನು ತೊರೆದನೆನ್ನುವ ಕತ್ತಲು ದಶಕಗಳ ಕಾಲ ಅವರನ್ನು ಕಾಡಿತ್ತೆಂದು ಪತ್ರಗಳು ಹೇಳುತ್ತವೆ. ಪುಸ್ತಕ ಬಂದೊಡನೆ ಕೆಲವರು ಇದನ್ನು ನಾಸ್ತಿಕತೆಯೆಂದರು, ಕೆಲವರು ಬೂಟಾಟಿಕೆಯೆಂದರು. ಎರಡೂ ಅವಸರದ ಮಾತು. ನಂಬಿಕೆಯೇ ಇಲ್ಲದವರನ್ನು ದೇವರ ಮೌನ ಇಷ್ಟೊಂದು ನೋಯಿಸೀತೇ?

ನನ್ನ ತಕರಾರು ಸಂಪಾದನೆಯ ಬಗ್ಗೆ. ಸಂಪಾದಕ ಫಾದರ್ ಬ್ರಯಾನ್ ಕೊಲೊಡಿಚುಕ್ ಅವರೇ ತೆರೇಸಾರ ಸಂತಪದವಿಗಾಗಿ ವಾದ ಮಂಡಿಸಿದವರು. ಹಾಗಾಗಿ ಪ್ರತಿ ನೋವಿಗೂ ಅವರ ಬಳಿ ವ್ಯಾಖ್ಯಾನ ಸಿದ್ಧವಿದೆ. ಓದುಗನನ್ನು ಪತ್ರದ ಜೊತೆ ಒಂದು ಗಳಿಗೆ ಒಬ್ಬನೇ ಇರಲು ಬಿಡುವುದಿಲ್ಲ.

ಇದರ ನಡುವೆ, 1931ರಿಂದ ಎಂಟಾಲಿಯ ಸೇಂಟ್ ಮೇರೀಸ್ ಶಾಲೆಯಲ್ಲಿ ಪಾಠ ಹೇಳಿ 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದ ಟೀಚರ್ ಹಿನ್ನೆಲೆಗೆ ಸರಿದಿದ್ದಾರೆ. 1947ರ ಪತ್ರಗಳಲ್ಲಿ ಮಾತ್ರ ಅವರು ಸಿಗುತ್ತಾರೆ. ಕಾನ್ವೆಂಟ್ ಬಿಟ್ಟು ಬಡವರ ನಡುವೆ ಹೋಗಲು ಅನುಮತಿ ಕೇಳುತ್ತಾರೆ, ಆರ್ಚ್‌ಬಿಷಪ್ಪರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ, ಅಪ್ಪಣೆ ಮೀರುವುದಿಲ್ಲ, ಹಟವನ್ನೂ ಬಿಡುವುದಿಲ್ಲ. ಕತ್ತಲೆಯ ಪುಟಗಳಿಗಿಂತ ನನಗೆ ಹಿಡಿಸಿದ್ದು ಇವೇ. ಅನುಮತಿ ಸಿಕ್ಕಿ 1948ರ ಡಿಸೆಂಬರಿನಲ್ಲಿ ಮೋತಿಝೀಲ್ ಕೊಳೆಗೇರಿಗೆ ಹೋದಾಗ ಅವರು ಮೊದಲು ಶುರುಮಾಡಿದ್ದೂ ಶಾಲೆಯನ್ನೇ. ಬೆಂಚಿಲ್ಲ, ಕರಿಹಲಗೆಯಿಲ್ಲ, ಕೋಲಿನಿಂದ ನೆಲದ ಮೇಲೆಯೇ ಬಂಗಾಳಿ ಅಕ್ಷರ ಬರೆದು ಕಲಿಸಿದರು.